ಭಂಡಾರ ಎತ್ತಿದ ಕೈ

ದಿವೆ ಘಾಟ ಇಳಿಯುವಾಗ ನಮ್ಮ ಹೊಸ ಗಾಡಿಯ ಸ್ಟೇರಿಂಗ್ ಕಲ್ಲಾಯಿತು. ಮಗ ಶಿವಪ್ರಕಾಶ ಎರಡೂ ಕೈ ಹಾಕಿ, ಸೀಟಿನಿಂದ ಅರ್ಧ ಎದ್ದು, ಹಲ್ಲು ಕಚ್ಚಿ ಎಳೆದ. ರಸ್ತೆ ತಿರುಗಿತು, ಗಾಡಿ ತಿರುಗಲಿಲ್ಲ. ಕಡಿದ ಗುಡ್ಡಕ್ಕೆ ನೇರ ಹೋಗಿ ಬಡಿದೆವು. ಕಣಿವೆ ಆಚೆ ಬದಿಗಿತ್ತು, ಅದಕ್ಕೇ ಇದನ್ನು ಬರೆಯಲು ಉಳಿದಿದ್ದೇನೆ.

ಪ್ರಕಾಶನ ಮುಂದಿನ ಗಾಳಿಚೀಲ ಉಬ್ಬಿ ಅವನನ್ನು ಹಿಡಿಯಿತು. ಪಕ್ಕದಲ್ಲಿ ಕೂತಿದ್ದ ಸೊಸೆ ರೇಣುವಿನ ಮುಂದೆ ಏನೂ ಉಬ್ಬಲಿಲ್ಲ. ಬೆಲ್ಟು ಅವಳ ಎದೆಯನ್ನು ಹಿಡಿಯಿತು, ತಲೆಯನ್ನು ಹಿಡಿಯಲಿಲ್ಲ. ಮುಖ ಹೋಗಿ ಬಡಿದ ಸಪ್ಪಳ ಮಡಕೆ ಒಡೆದ ಹಾಗಿತ್ತು. ಹಿಂದಿನ ಸೀಟಿನಿಂದ ಇಳಿದು ನಾನು ಅವಳ ಬಾಗಿಲು ತೆಗೆದಾಗ ಕೆಳದವಡೆ ಒಂದು ಪಕ್ಕಕ್ಕೆ ಜೋತು ಬಿದ್ದಿತ್ತು. ರಕ್ತ ಗದ್ದದಿಂದ ಸುರಿದು ಮಡಿಲಲ್ಲಿದ್ದ ಪ್ರಸಾದದ ಪೊಟ್ಟಣ ನೆನೆಯುತ್ತಿತ್ತು. ಸೆರಗು ಹರಿದು ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿದೆ. ಸತ್ತವರಿಗೆ ಹಾಗೆ ಕಟ್ಟುತ್ತಾರೆ. ಬದುಕಿದವರಿಗೆ ಕಟ್ಟಿದ್ದು ಅದೇ ಮೊದಲು.

ನಾವು ಅಥಣಿ ಕಡೆಯವರು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮದು ಬ್ಯಾಡಗಿ ಮೆಣಸಿನಕಾಯಿಯ ಅಂಗಡಿ. ಗಾಡಿ ದಸರೆಗೆ ತಂದದ್ದು. ಸೋಲಾಪುರ ರಸ್ತೆಯ ಶೋರೂಮಿನಲ್ಲಿ ಗಾಡಿಗೆ ಮಾಲೆ ಹಾಕಿ, ನಮ್ಮೆಲ್ಲರ ಕೈಗೆ ರಟ್ಟಿನ ದೊಡ್ಡ ಕೀಲಿಕೈ ಕೊಟ್ಟು ಫೋಟೋ ತೆಗೆದಿದ್ದರು. ಅದಾದ ಮೇಲೆ ಸ್ವಾರಗೇಟಿನ ಗದ್ದಲದಲ್ಲಿ ಒಮ್ಮೆ, ಕಾತ್ರಜದ ತಿರುವಿನಲ್ಲಿ ಒಮ್ಮೆ ಸ್ಟೇರಿಂಗು ಹೀಗೇ ಬಿಗಿದಿತ್ತು. ಆರಿಸಿ ಮತ್ತೆ ಚಾಲೂ ಮಾಡಿದರೆ ಸರಿಯಾಗುತ್ತಿತ್ತು. ಪ್ರತಿ ಸಲವೂ ಪ್ರಕಾಶ ಗಾಡಿಯನ್ನು ಶೋರೂಮಿಗೆ ಒಯ್ದ. ಅಲ್ಲಿ ಸರ್ವಿಸ್ ಮ್ಯಾನೇಜರ್ ಓಂಕಾರ್ ಎಂಬವನು, ಇಸ್ತ್ರಿ ಮುರಿಯದ ಅಂಗಿ, ಹುಬ್ಬಿನ ನಡುವೆ ಸಣ್ಣ ಹಳದಿ ಬೊಟ್ಟು. ಪ್ರತಿ ಸಲವೂ ಅವನದು ಒಂದೇ ಮಾತು. ಅಲ್ಲಿನ ಮಾತೆಲ್ಲ ಮರಾಠಿಯಲ್ಲಿ. ನನ್ನ ಕಿವಿಗೆ ಅದು ನಮ್ಮ ಮಾತಾಗಿಯೇ ಬರುತ್ತದೆ, ಹಾಗೆಯೇ ಬರೆಯುತ್ತೇನೆ.

"ಕಂಪ್ಯೂಟರಿಗೆ ಏನೂ ಕಾಣವಲ್ದು ಶೇಟ. ನಿಮ್ಮ ಕೈ ಅಂದ್ರ ಚೀಲ ಎಳದ ಕೈ, ಗಾಡಿ ನಾಜೂಕದ."

ಬೇರೆಯವರಾಗಿದ್ದರೆ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ವಕೀಲರನ್ನು ಹುಡುಕುತ್ತಿದ್ದರು. ನಾವು ದೃಷ್ಟಿಯಾಗಿದೆ ಎಂದುಕೊಂಡೆವು. ನಮ್ಮ ಮನೆದೇವರು ಮಲ್ಲಯ್ಯ. ಜೇಜುರಿಯಲ್ಲಿ ಅವನನ್ನು ಖಂಡೋಬಾ ಅನ್ನುತ್ತಾರೆ. ಕೆಟ್ಟ ಗಾಡಿಯನ್ನೇ ಓಡಿಸಿಕೊಂಡು ಜೇಜುರಿಗೆ ಹೋದೆವು. ಪೂಜೆ ಮಾಡಿಸಿ, ಏಳುಕೋಟಿ ಏಳುಕೋಟಿ ಎಂದು ಕೂಗಿ, ಭಂಡಾರವನ್ನು, ಅಂದರೆ ದೇವರ ಅರಿಷಿಣವನ್ನು, ಬಾನೆಟ್ಟು, ಕನ್ನಡಿ, ಚಕ್ರ ಯಾವುದನ್ನೂ ಬಿಡದೆ ಎರಚಿದೆವು. ಬಿಳಿ ಗಾಡಿ ಹಳದಿಯಾಯಿತು. ಸಾಸವಡ ದಾಟಿ ಘಾಟು ಇಳಿಯುತ್ತಿದ್ದಾಗ ಆದದ್ದನ್ನು ಆಗಲೇ ಹೇಳಿದ್ದೇನೆ.

ರೇಣುವಿನ ಹಲ್ಲುಗಳನ್ನು ತಂತಿಯಿಂದ ಬಿಗಿದು, ಮೇಲಿನ ದವಡೆಯನ್ನೂ ಕೆಳಗಿನದನ್ನೂ ಒಂದಾಗಿ ಕಟ್ಟಿದರು. ಮಾತಿಲ್ಲ, ಊಟವಿಲ್ಲ, ಹಲ್ಲಿನ ಸಂದಿಯಿಂದ ಸ್ಟ್ರಾದಲ್ಲಿ ಗಂಜಿ. ಅವಳು ಆಸ್ಪತ್ರೆಯಲ್ಲಿ ಇದ್ದಾಗಲೇ ನಾನೂ ಪ್ರಕಾಶನೂ ಶೋರೂಮಿಗೆ ಹೋದೆವು. ಓಂಕಾರ್ ಬಿಳಿ ಕಾಗದದ ಮೇಲೆ ಚಿಟಿಕೆ ಹಳದಿ ಪುಡಿ ಹಾಕಿ ಮೇಜಿನ ಮೇಲೆ ಸರಿಸಿದ.

"ಸ್ಟೇರಿಂಗ್ ಮೋಟರಿನೊಳಗ ಇದು ಸಿಕ್ಕದ. ಗಾಡಿಯೊಳಗ ಪುಡಿ ತುಂಬಿದ್ರ ವಾರಂಟಿ ಇರೂದಿಲ್ಲ."

"ಜೇಜುರಿಗೆ ಹೋಗೂದಕ್ಕಿಂತ ಮೊದಲೇ ಕೆಟ್ಟಿತ್ತಲ್ಲೋ! ನಿನ್ನ ಮುಂದೇ ತಂದು ನಿಲ್ಲಿಸಿದ್ನಲ್ಲೋ!" ಎಂದ ಪ್ರಕಾಶ.

"ಆವಾಗ ಏನೂ ಇರಲಿಲ್ಲ."

ಅವನು ನಮ್ಮ ಮುಖ ನೋಡಲಿಲ್ಲ. ಪುಡಿಯನ್ನೇ ನೋಡುತ್ತಿದ್ದ. ಆಗ ಮೇಲಿನ ಮಹಡಿಯ ಮೆಟ್ಟಿಲಿನಿಂದ ಒಬ್ಬ ನಕ್ಕ. ಶೋರೂಮಿನ ಮಾಲೀಕನ ಮಗ, ಪ್ರಣವ. ಬಿಗಿಯಾದ ಅಂಗಿ, ಕೊರಳಿನಲ್ಲಿ ದಪ್ಪ ಸರ.

"ದೇವರ ಕಡೆ ಹೋಗಿ ಕೆಡಿಸಿಕೊಂಡು ಬಂದೀರಿ. ದೇವರಿಗೇ ಕೇಳ್ರಿ, ಹೊಸಾ ಗಾಡಿ ಕೊಡತಾನೇನು."

ಪ್ರಕಾಶ ಮೆಟ್ಟಿಲ ಕಡೆ ನುಗ್ಗಿದ. ಕರಿ ಅಂಗಿಯ ಇಬ್ಬರು ಬೌನ್ಸರುಗಳು ಅಡ್ಡ ಬಂದು ಅವನ ಮುಖಕ್ಕೆ ಗುದ್ದಿ, ಎಳೆದುಕೊಂಡು ಹೋಗಿ ಗಾಜಿನ ಬಾಗಿಲಿನಿಂದ ಹೊರಗೆ ಒಗೆದರು. ಅವನ ತುಟಿ ಸೀಳಿತು. ಬಿಡಿಸಲು ಹೋದ ನನ್ನನ್ನು ಒಬ್ಬ ತಳ್ಳಿದ. ಮೆಟ್ಟಿಲಿನ ಮೇಲೆ ಬಿದ್ದು ನನ್ನ ಎಡಗೈ ಬಳೆಗಳೆಲ್ಲ ಒಡೆದು ಒಂದು ಚೂರು ಮಾಂಸದೊಳಗೆ ಹೋಯಿತು.

ವಕೀಲರು ಗ್ರಾಹಕರ ಕೋರ್ಟಿಗೆ ಹಾಕೋಣ, ವರ್ಷ ಹಿಡಿಯುತ್ತದೆ ಎಂದರು. ನಾನು ಹೂಂ ಎಂದೆ. ವರ್ಷ ನನಗೆ ದೊಡ್ಡದಲ್ಲ. ರೇಣು ಮನೆಗೆ ಬಂದ ಮೇಲೆ ಪ್ರಕಾಶ ಅವಳ ಮಂಚದ ಪಕ್ಕ ಕೂತು, ಅವಳು ಗಂಜಿ ಹೀರುವುದನ್ನು ನೋಡುತ್ತಿದ್ದ. ಗಂಜಿ ಹಲ್ಲಿನ ಸಂದಿಯಿಂದ ಹೊರಗೆ ಬಂದು ಗದ್ದಕ್ಕೆ ಇಳಿದರೆ ಒರೆಸುತ್ತಿದ್ದ. ಒಂದು ಬೆಳಿಗ್ಗೆ ಹಾಗೆ ಒರೆಸುತ್ತಲೇ ಹೇಳಿದ:

"ಈಕೀ ದವಡಿಗೆ ಆ ಓಂಕಾರನ ದವಡಿ. ಬ್ಯಾರೆ ಏನೂ ಬ್ಯಾಡ ನನಗ."

ರೇಣು ಸ್ಟೀಲಿನ ಲೋಟವನ್ನು ಮಂಚದ ಕಟ್ಟಿಗೆಗೆ ಬಡಿದಳು. ಬಡಿದಳು, ಬಡಿದಳು, ಗಂಜಿಯೆಲ್ಲ ಹಾಸಿಗೆಗೆ ಚೆಲ್ಲಿತು. ಬೇಡ ಎನ್ನಲು ಅವಳಿಗೆ ಇದ್ದ ಬಾಯಿ ಅದೊಂದೇ.

"ನೀ ಜೇಲಿಗೆ ಹೋದ್ರ ಈಕೀ ಬಾಯಿ ಯಾರು ಒರಸ್ತಾರೋ?" ಎಂದೆ.

"ನೀ ಅದೀಯಲ್ಲ."

"ನಾ ಎಷ್ಟ್ ದಿನದಾಕಿ?"

ಅವನು ಎದ್ದು ಅಂಗಡಿಗೆ ಹೋದ. ನನ್ನ ಮಗನನ್ನು ನಾನು ಬಲ್ಲೆ. ಕೂಗಾಡುವಾಗ ಅವನಿಂದ ಭಯವಿಲ್ಲ. ಸುಮ್ಮನೆ ಎದ್ದು ಹೋದರೆ ಭಯ.

ಮಧ್ಯಾಹ್ನ ಅಂಗಡಿಯ ಹಮಾಲ ಈರಣ್ಣ ಓಡಿ ಬಂದ. ಮೈಯೆಲ್ಲ ಮೆಣಸಿನಕಾಯಿ ಧೂಳು, ಕಣ್ಣು ಕೆಂಪು.

"ಅವ್ವಾರ, ಸಾವಕಾರ್ರು ನನ್ನ ಕೊಕ್ಕಿ ತಗೊಂಡು ಹ್ವಾದ್ರು ನೋಡ್ರಿ. ಕೈಗೆ ಟವಲ್ ಸುತಗೊಂಡು, ಟವಲಿನೊಳಗ ಕೊಕ್ಕಿ ಇಟಗೊಂಡು, ಹಲ್ಲಿಲೆ ಗಂಟ ಬಿಗದ್ರು. ಎಲ್ಲಿಗ್ರೀ ಅಂದ್ರ, ದವಡಿ ತರಾಕ ಅಂದ್ರು."

ಚೀಲ ಎತ್ತುವ ಕಬ್ಬಿಣದ ಕೊಕ್ಕೆಯನ್ನು ನೀವು ನೋಡಿರಬಹುದು. ಗೋಣಿಯನ್ನು ಸೀಳಿಕೊಂಡು ಒಳಗೆ ಹೋಗುವ ತುದಿ ಅದರದು. ನಾನು ದೇವರ ಮುಂದಿನ ಭಂಡಾರದ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಈರಣ್ಣನ ಜೊತೆ ಆಟೋ ಹತ್ತಿದೆ. ಶೋರೂಮಿನ ಹೆಸರು ಹೇಳಿದಾಗ ಆಟೋದವನು ಹಲ್ಲು ಕಿಸಿದ.

"ಗಾಡಿ ತರಾಕ ಆಟೋದಾಗ ಹೊಂಟೀರೇನ ಆಜಿ?"

"ಮಗನ್ನ ತರಾಕ. ಲಗೂ ಹೊಡಿ."

ಹಡಪಸರದ ಸೇತುವೆಯ ಕೆಳಗೆ ಗಾಡಿಗಳೆಲ್ಲ ಸಿಕ್ಕಿಕೊಂಡು ನಿಂತಿದ್ದವು. ಈರಣ್ಣ ಮೊಣಕಾಲು ತಿಕ್ಕುತ್ತ ಕೂತಿದ್ದ. "ಕೊಕ್ಕಿ ಹೋದ್ರ ಹೋಗ್ಲಿ ಬಿಡ್ರಿ ಅವ್ವಾರ, ಹೊಸಾದು ಸಿಗತದ. ಸಾವಕಾರ್ರು ಹ್ವಾದ್ರ ಹೊಸಾವ್ರನ್ನ ಎಲ್ಲಿಂದ ತರೂದ್ರಿ?" ಎಂದ. ನಗಿಸಲು ಹೇಳಿದ್ದಲ್ಲ.

ಶೋರೂಮಿನ ಗಾಜಿನ ಬಾಗಿಲು ಒಡೆದು ಚೂರುಗಳು ಮೆಟ್ಟಿಲವರೆಗೆ ಬಿದ್ದಿದ್ದವು. ಒಳಗೆ ಹೊಸ ಕೆಂಪು ಗಾಡಿಯ ಸುತ್ತ ಸ್ಟೀಲಿನ ಮೋಟು ಕಂಬಗಳನ್ನು ನಿಲ್ಲಿಸಿ ಹಗ್ಗ ಕಟ್ಟಿದ್ದರು. ಫೋಟೋ ತೆಗೆಸಿಕೊಳ್ಳಲು ಬಂದವರು ಓಡಿ ಹೋಗಿರಬೇಕು. ರಟ್ಟಿನ ಕೀಲಿಕೈ ನೆಲದ ಮೇಲೆ ಬಿದ್ದಿತ್ತು, ಅದರ ಮೇಲೆ ಚಪ್ಪಲಿಯ ಗುರುತು. ಒಬ್ಬ ಬೌನ್ಸರ್ ಗೋಡೆಗೆ ಒರಗಿ ಮೊಣಕೈ ಹಿಡಿದುಕೊಂಡಿದ್ದ. ಇನ್ನೊಬ್ಬ ದೂರ ನಿಂತು ಕೊಕ್ಕೆಯನ್ನೇ ನೋಡುತ್ತಿದ್ದ. ಪ್ರಕಾಶ ಓಂಕಾರನನ್ನು ಕಟ್ಟಡದ ಕಂಬವೊಂದಕ್ಕೆ ಒತ್ತಿ ಹಿಡಿದಿದ್ದ. ಎಡಗೈ ಅವನ ಕುತ್ತಿಗೆಯ ಮೇಲೆ. ಬಲಗೈ ಮೇಲೆದ್ದಿತ್ತು.

"ಪ್ರಕಾಶಾ."

"ಮನೀಗೆ ಹೋಗು ಅವ್ವಾ."

"ಆಜಿ, ಇವರಿಗೆ ಹೇಳ್ರಿ," ಎಂದ ಓಂಕಾರ್, ಉಸಿರು ಸಿಕ್ಕಷ್ಟರಲ್ಲಿ. "ಪೋಲೀಸರಿಗೆ ಫೋನ್ ಆಗೇದ."

"ಬರ್ಲಿ. ಅವ್ರು ಬರೂದ್ರಾಗ ನಿನ್ನ ದವಡಿ ನನ್ನ ಕೈಯಾಗಿರತದ."

ಬೇಡಿಕೊಂಡರೆ ಅವನು ನಿಲ್ಲುವವನಲ್ಲ. ಅತ್ತರೆ ಇನ್ನೂ ಬೇಗ ಹೊಡೆಯುತ್ತಿದ್ದ. ಆದರೆ ಯಾರ್ಡಿನಲ್ಲಿ ಒಂದು ವಾಡಿಕೆ ಉಂಟು. ತೂಕದ ಜಗಳ, ಮಾತಿನ ಜಗಳ ಬಿಗಡಾಯಿಸಿದರೆ ಭಂಡಾರ ಎತ್ತಿಸುತ್ತಾರೆ. ಅಂಗೈಯಲ್ಲಿ ಅರಿಷಿಣ ಹಿಡಿದು ಹಣೆಗೆ ಹಚ್ಚಿಕೊಂಡು ನನ್ನದು ನಿಜ ಎಂದವನ ಮೇಲೆ ಎದುರಿನವನು ಕೈ ಮಾಡುವಂತಿಲ್ಲ. ಅವನು ಹೇಳಿದ್ದು ಸುಳ್ಳಾದರೆ ಅದು ಅವನಿಗೂ ದೇವರಿಗೂ ಬಿಟ್ಟದ್ದು. ಹೋದ ವರ್ಷ ತಾಸಗಾಂವದ ವ್ಯಾಪಾರಿಯೊಬ್ಬ ಹೀಗೆ ಎತ್ತಿ ಹಸಿ ಸುಳ್ಳು ಹೇಳಿದಾಗ ಪ್ರಕಾಶ ಹಲ್ಲು ಕಡಿಯುತ್ತ ಮನೆಗೆ ಬಂದು, ಬಚ್ಚಲ ಗೋಡೆಗೆ ಗುದ್ದಿ ಬೆರಳು ಬಾವು ಬರಿಸಿಕೊಂಡಿದ್ದ. ಆದರೆ ಆ ಮನುಷ್ಯನನ್ನು ಮುಟ್ಟಿರಲಿಲ್ಲ.

ನಾನು ಸೊಂಟದ ಚೀಲ ಬಿಚ್ಚಿ ಓಂಕಾರನ ಮುಂದೆ ಹಿಡಿದೆ.

"ಪ್ರಕಾಶಾ, ಇವ ಭಂಡಾರ ಎತ್ತಿ ಗಾಡಿ ಮೊದಲ ಚಲೋ ಇತ್ತು ಅಂತ ಹೇಳ್ಲಿ. ಹೇಳಿದ್ರ ನಾವು ಮನೀಗೆ ಹೋಗೂದು. ಎತ್ತಲಿಲ್ಲಂದ್ರ ನಿನಗ ಹೆಂಗ ಬೇಕೋ ಹಂಗ ಮಾಡು."

ಪ್ರಕಾಶನ ಕೈ ಮೇಲೆಯೇ ನಿಂತಿತು. "ಹೇಳ್ತಾನ ಅವ್ವಾ ಇವ. ಇವನ ಬಾಯಾಗ ಸುಳ್ಳಿಗೇನ ಬರಾ?"

"ಹೇಳ್ಲಿ. ಹೇಳಿದ್ರ ಬಿಡತೀಯೋ ಇಲ್ಲೋ?"

ಅವನು ಕುತ್ತಿಗೆಯ ಮೇಲಿನ ಕೈ ತೆಗೆದ. "ಬಿಡತೇನಿ."

ನನ್ನ ಲೆಕ್ಕ ಅಷ್ಟೇ. ಅಷ್ಟು ಸಲ ಸುಳ್ಳು ಹೇಳಿದವನು ಇನ್ನೊಮ್ಮೆ ಹೇಳಲಿ, ನನ್ನ ಮಗ ಕೈಗೆ ರಕ್ತ ಹತ್ತದೆ ಮನೆಗೆ ಬರಲಿ. ಪ್ರಣವನೂ ಮಹಡಿಯ ಕಟಕಟೆಗೆ ಬಂದು ನಿಂತಿದ್ದ.

"ಎತ್ತೋ ಓಂಕಾರ್! ಎತ್ತಿ ಹೇಳಿ ಈ ಮೆಣಸಿನಕಾಯಿ ಮಂದೀನ್ನ ಹೊರಗ ಹಾಕು. ಪುಡಿಗೆ ಹೆದರತೀಯೇನೋ?"

"ಎತ್ತಪಾ, ಎತ್ತಿಬಿಡು," ಎಂದೆ ನಾನು.

ಪ್ರಣವನಿಗೂ ನನಗೂ ಅವನಿಂದ ಬೇಕಾಗಿದ್ದದ್ದು ಒಂದೇ ಸುಳ್ಳು.

ಓಂಕಾರನ ಕೈ ಎದ್ದಿತು. ಬೆರಳುಗಳು ಚೀಲದ ಬಾಯಿಯವರೆಗೆ ಬಂದವು. ಅವನ ಹುಬ್ಬಿನ ನಡುವಿನ ಬೊಟ್ಟು ಬೆವರಿನಲ್ಲಿ ಇಳಿದು ಮೂಗಿನ ಮೇಲೆ ಬಂದಿತ್ತು. ಕೈ ಹಿಂದಕ್ಕೆ ಹೋಯಿತು.

"ಮುಚ್ಚರಿ ಆಜಿ ಅದನ್ನ."

"ಯಾಕೋ?"

"ನನ್ನ ಮಗಳ ಜಾವಳದ ಕೂದಲ ಜೇಜುರಿಯೊಳಗ ತಗಸೇನಿ. ಇದನ್ನ ಹಿಡದು ನಾ ಹೇಳಲಾರೆ." ಅವನ ದನಿ ಸಣ್ಣದಾಯಿತು. "ಮೋಟರ್ ಮೊದಲೇ ಕೆಟ್ಟಿತ್ತು. ನಿಮ್ಮದೊಂದೇ ಅಲ್ಲ, ಬ್ಯಾರೇ ಗಾಡಿನೂ ಹಿಂಗ ಬಂದಿದ್ವು. ಆರಿಸಿ, ಚಾಲೂ ಮಾಡಿ ಹಂಗೇ ಕೊಟ್ಟ ಕಳಸು ಅಂದ್ರು. ಅರಿಷಿಣ ಮೋಟರಿನ ಒಳಗ ಹೋಗೇ ಇರಲಿಲ್ಲ. ಮ್ಯಾಲಿಂದು ಕೆರದು ತೋರಿಸಿದೆ."

ಯಾರು ಹಾಗೆ ಅಂದರು ಎಂದು ಕೇಳಬೇಕಾಗಿರಲಿಲ್ಲ, ಎಲ್ಲರ ಕಣ್ಣು ಮಹಡಿಗೆ ಹೋಯಿತು. ಪ್ರಕಾಶನ ಎತ್ತಿದ ಕೈ ತಾನಾಗಿ ಕೆಳಗಿಳಿಯಿತು. ಸುಳ್ಳನ್ನು ಹೊಡೆಯಲು ಬಂದವನಿಗೆ ನಿಜ ಹೇಳಿದವನನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಪ್ರಣವನಿಗೆ ತಿಳಿದಿತ್ತು. ಅವನು ಮೆಟ್ಟಿಲಿಳಿದು ಬಂದ ರಭಸಕ್ಕೆ ನಾನು ಪಕ್ಕಕ್ಕೆ ಸರಿದೆ. ಹಗ್ಗ ಕಟ್ಟಿದ್ದ ಸ್ಟೀಲಿನ ಕಂಬವೊಂದನ್ನು ಹಗ್ಗದ ಸಮೇತ ಕಿತ್ತು, ತಿರುಗಿಸಿ, ಅದರ ಗುಂಡನೆಯ ಭಾರದ ಬುಡದಿಂದ ಓಂಕಾರನ ಮುಖಕ್ಕೆ ಬೀಸಿದ. ಘಾಟಿನಲ್ಲಿ ಕೇಳಿದ ಸಪ್ಪಳವೇ. ಓಂಕಾರ್ ಬಿದ್ದ. ಪ್ರಣವ ಮತ್ತೆ ಬೀಸಿದ, ಅದು ಭುಜಕ್ಕೆ ಬಿತ್ತು. ಕಂಬ ಒಗೆದು ಅವನ ಬಲಗೈಯನ್ನು ಬೂಟಿನಿಂದ ತುಳಿದ.

"ನನ್ನ ಪಗಾರ ತಿಂದು ನನ್ನ ಮ್ಯಾಲೆ ಹೇಳತೀಯಾ? ಈ ಕೈಲೇ ಎತ್ತಾಂವ ಇದ್ದ್ಯಲ್ಲಾ? ಎತ್ತು ಈಗ! ಎತ್ತು!"

ಬೂಟು ಏಳುತ್ತಿತ್ತು, ಬೀಳುತ್ತಿತ್ತು. ನನ್ನ ಕೈಯ ಚೀಲ ಜಾರಿ ಅರಿಷಿಣ ನೆಲದ ಮೇಲೆ ಚೆಲ್ಲಿತು, ರಕ್ತ ಹರಿದು ಬಂದು ಅದರೊಳಗೆ ಸೇರಿತು. ಪ್ರಕಾಶ ಪ್ರಣವನ ಮೇಲೆ ಬೀಳುವಷ್ಟರಲ್ಲಿ ಬೌನ್ಸರುಗಳಿಬ್ಬರೂ ಹಿಂದಿನಿಂದ ಅವನನ್ನು ಹಿಡಿದರು. ಒಬ್ಬ ಕುತ್ತಿಗೆ ಅಮುಕಿದ, ಇನ್ನೊಬ್ಬ ಪಕ್ಕೆಲುಬಿಗೆ ಗುದ್ದಿದ. ಗುದ್ದಿದಂತೆ ಪ್ರಕಾಶನ ಬಾಯಿಂದ ಉಸಿರು ಹೊರಗೆ ಬೀಳುವುದು ಕೇಳುತ್ತಿತ್ತು. ಈರಣ್ಣ ಓಡಿ ಬಂದು, ಬಗ್ಗಿ, ಗುದ್ದುತ್ತಿದ್ದವನ ತೊಡೆಗಳಿಗೆ ಕೈ ಹಾಕಿ, ಚೀಲ ಎತ್ತುವ ಹಾಗೆಯೇ ಬೆನ್ನಿಗೆ ಎತ್ತಿಕೊಂಡ. ನಾಲ್ಕು ಹೆಜ್ಜೆ ನಡೆದು ಗಿರಾಕಿಗಳು ಕೂಡುವ ಗಾಜಿನ ಮೇಜಿನ ಮೇಲೆ ಅವನನ್ನು ಇಳಿಸಿದ. ಮೇಜು ಪುಡಿಯಾಯಿತು.

ಕುತ್ತಿಗೆ ಹಿಡಿದಿದ್ದವನ ಹೊಟ್ಟೆಗೆ ಮೊಣಕೈ ಹೊಡೆದು ಪ್ರಕಾಶ ಬಿಡಿಸಿಕೊಂಡ. ಕೊಕ್ಕೆ ಪ್ರಣವನ ಕೊರಳಪಟ್ಟಿಗೆ ಬಿತ್ತು. ಎಳೆದ. ಅಂಗಿ ಹರಿಯಿತು, ಸರ ಹರಿಯಿತು, ಮನುಷ್ಯ ಬಂದು ಕೆಂಪು ಗಾಡಿಯ ಬಾನೆಟ್ಟಿನ ಮೇಲೆ ಬೆನ್ನು ಕೆಳಗಾಗಿ ಬಿದ್ದ. ಪ್ರಕಾಶ ಅವನ ಎದೆಯ ಮೇಲೆ ಮೊಣಕಾಲು ಊರಿ, ಕೊಕ್ಕೆಯ ತುದಿಯನ್ನು ಗದ್ದದ ಕೆಳಗಿನ ಮೆತ್ತನೆಯ ಜಾಗಕ್ಕೆ ಇಟ್ಟ. ಚರ್ಮ ಒಡೆದು ರಕ್ತದ ಗೆರೆಯೊಂದು ಕೊರಳಿಗೆ ಇಳಿಯಿತು.

"ಬ್ಯಾರೆಯವನ ದವಡಿಗೆ ಬಂದಿದ್ದೆ ನಾ. ಇದಽ ಇತ್ತಲ್ಲ ನನಗ ಬೇಕಾದ್ದು. ಇದಽ!"

ಪ್ರಣವನ ಕಣ್ಣು ಬಿಳಿಯಾಗಿದ್ದವು. ಇನ್ನು ಒಂದು ಒತ್ತು ಸಾಕಿತ್ತು. ಕೊಕ್ಕೆ ನಾಲಗೆಯವರೆಗೆ ಹೋಗುತ್ತಿತ್ತು.

ನಾನು ಓಂಕಾರನ ಪಕ್ಕ ನೆಲದ ಮೇಲೆ ಕೂತಿದ್ದೆ. ಅವನ ಕೆಳದವಡೆ ರೇಣುವಿನದರ ಹಾಗೆಯೇ ಪಕ್ಕಕ್ಕೆ ಜೋತಿತ್ತು. ನಾಲಗೆ ಒಳಗೆ ಬಿದ್ದು ಗಂಟಲಲ್ಲಿ ರಕ್ತ ಗೊರಗೊರ ಅನ್ನುತ್ತಿತ್ತು. ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಒಂದು ಮಗ್ಗುಲಿಗೆ ತಿರುಗಿಸಿದೆ. ರಕ್ತ ಹೊರಗೆ ಬಂತು. ಸೆರಗು ಹರಿಯಲು ನೋಡಿದೆ. ಬಳೆ ಚುಚ್ಚಿದ ಎಡಗೈ ಕೆಲಸಕ್ಕೆ ಬರಲಿಲ್ಲ.

"ಪ್ರಕಾಶಾ, ಟವಲ್ ತಾ."

"ತಡಿ ಅವ್ವಾ."

"ಇಂವ ಸಾಯಾಕ ಹತ್ಯಾನ. ರೇಣುಗ ಕಟ್ಟಿದಂಗ ಕಟ್ಟಬೇಕು. ಟವಲ್ ತಾ."

ಟವಲು ಅವನ ಕೈಗೆ ಸುತ್ತಿತ್ತು. ಟವಲಿನೊಳಗೆ ಕೊಕ್ಕೆಯ ಹಿಡಿಕೆ ಇತ್ತು. ಒಂದನ್ನು ಕೊಡಬೇಕಾದರೆ ಇನ್ನೊಂದನ್ನು ಬಿಡಬೇಕಿತ್ತು.

ಪ್ರಕಾಶ ತಿರುಗಿ ನನ್ನ ಮಡಿಲಲ್ಲಿದ್ದ ಮುಖವನ್ನು ನೋಡಿದ. ಪ್ರಣವನ ಕಡೆ ನೋಡಿದ. ಆಮೇಲೆ ಗಂಟನ್ನು ಹಲ್ಲಿನಿಂದಲೇ ಬಿಚ್ಚಿದ. ಕೊಕ್ಕೆ ಟೈಲ್ಸಿನ ಮೇಲೆ ಬಿದ್ದು ಸದ್ದು ಮಾಡಿತು. ಪ್ರಣವ ಬಾನೆಟ್ಟಿನಿಂದ ಜಾರಿ, ಅಂಬೆಗಾಲಿನಲ್ಲಿ ಮೆಟ್ಟಿಲು ಹತ್ತಿದ.

"ಗದ್ದ ಎತ್ತಿ ಹಿಡಿ. ಇನ್ನೂ ಮ್ಯಾಲೆ. ಹಾಂ," ಎಂದೆ. ಅವನು ಎರಡೂ ಅಂಗೈಯಲ್ಲಿ ಓಂಕಾರನ ದವಡೆಯನ್ನು ಹಿಡಿದ. ಅದನ್ನು ಒಡೆಯಲು ಬೆಳಿಗ್ಗೆ ಮನೆ ಬಿಟ್ಟ ಕೈಗಳು. ನಾನು ನೆತ್ತಿಯ ಮೇಲೆ ಗಂಟು ಹಾಕಿದೆ.

ಪೋಲೀಸರು ಒಳಗೆ ಬಂದಾಗ ಕಂಡದ್ದು ಅದು. ಓಂಕಾರನ ಮುಖ ಹಿಡಿದು ಕೂತ ನನ್ನ ಮಗ, ಮೊಣಕೈವರೆಗೆ ರಕ್ತ, ಪಕ್ಕದಲ್ಲಿ ಕೊಕ್ಕೆ. ಮೇಲಿನಿಂದ ಪ್ರಣವ ಕೂಗುತ್ತಿದ್ದ: "ಈ ಕರ್ನಾಟಕದಾಂವ ನನ್ನ ಮ್ಯಾನೇಜರ್‌ನ ಕೊಂದಾ! ನನ್ನ ಕೊರಳೂ ಕೊಯ್ಯಾಂವ ಇದ್ದಾ!" ಕ್ಯಾಮೆರಾ ಕೇಳಿದರೆ ಕೆಟ್ಟಿದೆ ಎಂದರು. ಬೌನ್ಸರುಗಳು ಹೌದು, ಇವನೇ ಹೊಡೆದ ಎಂದರು.

ಠಾಣೆಯಲ್ಲಿ ಹವಾಲ್ದಾರರು ನನಗೆ ಕುರ್ಚಿ ಕೊಟ್ಟರು, ಮಾತಿಗೆ ಜಾಗ ಕೊಡಲಿಲ್ಲ. "ಕೊಕ್ಕಿ ನಿಮ್ಮ ಮಗಂದು, ರಕ್ತ ನಿಮ್ಮ ಮಗನ ಕೈಮ್ಯಾಲೆ. ನಾ ಏನ್ ಬರೀಬೇಕು ಹೇಳ್ರಿ ಆಜಿ?"

"ಸಾಹೇಬ್ರ, ಕೊಕ್ಕಿ ನಂದ್ರೀ," ಎಂದ ಈರಣ್ಣ.

"ಹಂಗಾರ ನೀನೂ ಒಳಗ ಕೂಡು."

ಹೀಗೆ ಇಬ್ಬರೂ ಒಳಗಾದರು. ಕೊಲೆಯ ಯತ್ನ ಎಂದು ಕೇಸು. ಅದನ್ನು ಬದಲಿಸಬಲ್ಲವನು ಓಂಕಾರ್ ಒಬ್ಬನೇ, ಅವನ ಬಾಯಿಗೆ ತಂತಿ ಹಾಕಿದ್ದರು, ಬರೆಯುವ ಕೈ ಪ್ಲಾಸ್ಟರಿನಲ್ಲಿತ್ತು. ಮನೆಯಲ್ಲಿ ರೇಣು ನನ್ನ ಮುಖ ನೋಡಿ ಲೋಟ ಬಡಿಯಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು.

ಓಂಕಾರನ ಹೇಳಿಕೆ ತೆಗೆದುಕೊಳ್ಳುವ ದಿನ ನಾನು ಗಂಜಿಯ ಫ್ಲಾಸ್ಕು ಹಿಡಿದು ಆಸ್ಪತ್ರೆಗೆ ಹೋದೆ. ಬಾಗಿಲಲ್ಲೇ ಅವನ ಹೆಂಡತಿ ಎದುರಾದಳು. ಸಣ್ಣ ವಯಸ್ಸಿನವಳು, ಕಣ್ಣು ಊದಿಕೊಂಡಿದ್ದವು. ನಾನು ಯಾರೆಂದು ತಿಳಿಯುತ್ತಲೇ ನನ್ನ ಕೆನ್ನೆಗೆ ಹೊಡೆದಳು. ಕನ್ನಡಕ ಹಾರಿ ಬಿತ್ತು.

"ಶೋರೂಮಿನ ಹುಡುಗರು ಕದ್ದು ಹೇಳ್ಯಾರ ನನಗ. ಆ ರಾಕ್ಷಸ ಪ್ರಣವನ ಮುಂದ ನನ್ನ ಗಂಡಗ ಭಂಡಾರ ಎತ್ತಸಾಕ ಹೋಗಿದ್ಯಲ್ಲಾ? ನಿನ್ನ ಮಗನ ಉಳಸಾಕ ನನ್ನ ಗಂಡನ್ನ ಒಡ್ಡಿದ್ಯಲ್ಲಾ ಮುದುಕಿ!"

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕನ್ನಡಕ ಎತ್ತಿಕೊಂಡು, ಫ್ಲಾಸ್ಕನ್ನು ಅವಳ ಕಾಲ ಬಳಿ ಇಟ್ಟು ಒಳಗೆ ಹೋದೆ. ಮಂಚದ ಬದಿಗೆ ಹವಾಲ್ದಾರರು ಪೆನ್ನು ಹಿಡಿದು ಕೂತಿದ್ದರು. ಇನ್ನೊಂದು ಬದಿಗೆ ಪ್ರಣವ, ಗದ್ದಕ್ಕೆ ಪಟ್ಟಿ, ತೊಡೆಯ ಮೇಲೆ ದ್ರಾಕ್ಷಿಯ ಪೊಟ್ಟಣ. ಹಲ್ಲು ಕಟ್ಟಿದವನಿಗೆ ದ್ರಾಕ್ಷಿ ತಂದಿದ್ದ.

"ಬರಕೊಳ್ರಿ ಸಾಹೇಬ್ರ. ನಮ್ಮ ಓಂಕಾರ್‌ಗ ಹೊಡದಾಂವ ಆ ಮೆಣಸಿನಕಾಯಿ ವ್ಯಾಪಾರಿ. ಹೌದಲ್ಲೋ ಓಂಕಾರ್? ತಲಿ ಅಲ್ಲಾಡಸು. ಆಸ್ಪತ್ರೀದು, ಮಗಳ ಸಾಲೀದು, ಎಲ್ಲಾ ನಂದು. ಅಲ್ಲಾಡಸು."

ಓಂಕಾರ್ ತಲೆ ಅಲ್ಲಾಡಿಸಲಿಲ್ಲ. ಅವನ ಕಣ್ಣು ಬಾಗಿಲಲ್ಲಿ ನಿಂತ ಹೆಂಡತಿಯ ಮೇಲೆ ಹೋಯಿತು, ಆಮೇಲೆ ನನ್ನ ಮೇಲೆ. ಅವತ್ತು ನಾನು ಅವನಿಂದ ಸುಳ್ಳು ಕೇಳಿದ್ದೆ. ಈಗ ನಿಜ ಕೇಳುವ ಮುಖ ನನಗಿರಲಿಲ್ಲ. ಸೊಂಟದ ಚೀಲ ಬಿಚ್ಚಿದೆ; ಚೆಲ್ಲಿ ಉಳಿದದ್ದು ತಳದಲ್ಲಿ ಒಂದಿಷ್ಟಿತ್ತು. ಅವನ ಹಾಸಿಗೆಯ ಮೇಲೆ ತೆರೆದಿಟ್ಟು ಹಿಂದೆ ಸರಿದು ನಿಂತೆ.

"ಏ, ಈ ಮುದುಕೀನ್ನ ಹೊರಗ ಹಾಕ್ರಿ!" ಎಂದ ಪ್ರಣವ.

"ಇರ್ಲಿ," ಎಂದರು ಹವಾಲ್ದಾರರು. ಅವರು ಜೇಜುರಿ ಇರುವ ಪುರಂದರ ತಾಲೂಕಿನವರೇ, ಆಮೇಲೆ ತಿಳಿಯಿತು.

ಪ್ಲಾಸ್ಟರಿನ ಹೊರಗೆ ಓಂಕಾರನ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು, ಕಪ್ಪಗೆ ಕಂದಿ ಊದಿದ್ದವು. ಎಡಗೈ ಚೆನ್ನಾಗಿಯೇ ಇತ್ತು. ಆದರೆ ಅವನು ಬಲಗೈಯನ್ನೇ ಎತ್ತಿದ. ನೋವಿಗೆ ಮೂಗಿನಿಂದ ಒಂದು ದನಿ ಬಂತು. ಆ ಕಂದಿದ ತುದಿಗಳನ್ನು ಭಂಡಾರದಲ್ಲಿ ಅದ್ದಿ ಹಣೆಯವರೆಗೆ ತಂದು ಹಚ್ಚಿಕೊಂಡ. ಆಮೇಲೆ ಅದೇ ಕೈಯನ್ನು, ಭಾರವಾದ ಪ್ಲಾಸ್ಟರಿನ ಸಮೇತ, ಪ್ರಣವನ ಕಡೆ ಚಾಚಿ ಹಿಡಿದ. ಇಳಿಸಲಿಲ್ಲ.

ಬಾಗಿಲಲ್ಲಿ ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಪ್ರಣವ ಎದ್ದು ಆ ಕೈಯನ್ನು ಹೊಡೆದು ಕೆಳಗೆ ಬೀಳಿಸಿದ. ಓಂಕಾರ್ ಕಟ್ಟಿದ ಹಲ್ಲುಗಳ ಹಿಂದಿನಿಂದ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಹವಾಲ್ದಾರರು ಪೆನ್ನು ಕಿಸೆಗೆ ಹಾಕಿ, ಎದ್ದು, ಪ್ರಣವನ ಕಪಾಳಕ್ಕೆ ಒಂದು ಬಿಟ್ಟರು. ದ್ರಾಕ್ಷಿ ನೆಲಕ್ಕೆ ಉರುಳಿತು. ಅವನ ತೋಳನ್ನು ಬೆನ್ನಿಗೆ ತಿರುಚಿ ಗೋಡೆಗೆ ಒತ್ತಿ ಹಿಡಿದು, "ಬರಕೋ ಅಂದಿದ್ಯಲ್ಲಾ, ಬರಕೋತೇನಿ ನಡಿ," ಎಂದರು.

ಪ್ರಕಾಶನೂ ಈರಣ್ಣನೂ ಜಾಮೀನಿನ ಮೇಲೆ ಬಂದರು. ಗಾಜು ಒಡೆದದ್ದು, ಬೌನ್ಸರನ ಮೊಣಕೈ, ಪ್ರಣವನ ಗದ್ದದ ಗಾಯ, ಅವುಗಳ ಕೇಸು ಉಳಿದೇ ಇದೆ. ಅದನ್ನು ಮಾಡಿದ್ದು ಹೌದು, ಹಾಗಾಗಿ ಅನುಭವಿಸಬೇಕು. ಗಾಡಿಯ ದಾವೆ ಗ್ರಾಹಕರ ಕೋರ್ಟಿನಲ್ಲಿ ನಡೆದಿದೆ. ಈರಣ್ಣ ಹೊಸ ಕೊಕ್ಕೆ ತಂದುಕೊಂಡಿದ್ದಾನೆ. ಪ್ರಕಾಶ ಅಂಗಡಿಗೆ ಬಂದ ಕೂಡಲೇ ಅದನ್ನು ಎಲ್ಲೋ ಬಚ್ಚಿಡುತ್ತಾನಂತೆ.

ಮನೆಗೆ ಬಂದ ದಿನ ಪ್ರಕಾಶ ರೇಣುವಿನ ಮುಂದೆ ಕೂತ. ಅವಳು ಅವನ ಎರಡೂ ಕೈಗಳನ್ನು ಹಿಡಿದು, ಅಂಗೈ ತಿರುಗಿಸಿ, ಹಿಂದೆ ಮುಂದೆ ಬಹಳ ಹೊತ್ತು ನೋಡಿದಳು. ಆಮೇಲೆ ಲೋಟ ಅವನ ಕೈಗೆ ಕೊಟ್ಟಳು.

ಮರುದಿನದಿಂದ ನಾನು ಗಂಜಿಯನ್ನು ಎರಡು ಪಾಲು ಮಾಡತೊಡಗಿದೆ. ಎರಡನೆಯ ಫ್ಲಾಸ್ಕನ್ನು ಆಸ್ಪತ್ರೆಗೆ ಯಾರು ಒಯ್ಯಬೇಕೆಂದು ನಾನು ಹೇಳಲಿಲ್ಲ. ಪ್ರಕಾಶ ತಾನೇ ಒಯ್ದ. ಹೋದವನು ಬಹಳ ಹೊತ್ತು ಬರಲಿಲ್ಲ, ನಾನು ಎರಡು ಸಲ ಬಾಗಿಲಿಗೆ ಹೋಗಿ ನೋಡಿದೆ. ಬಂದು ಖಾಲಿ ಫ್ಲಾಸ್ಕು ಕಟ್ಟೆಯ ಮೇಲೆ ಇಟ್ಟ.

"ಉಪ್ಪು ಕಮ್ಮಿ ಆಗೇದಂತ."

"ಬಾಯಿ ಕಟ್ಟೇದಲ್ಲೋ ಅವಂದು? ಹೆಂಗ ಹೇಳಿದಾ?"

"ಅವನ ಹೆಂಡತಿ ರುಚಿ ನೋಡಿ ಹೇಳಿದ್ಲು. ನಾಳಿಗೆ ಸರಿಯಾಗಿ ಹಾಕಂತ."